ಆಟಕ್ಕುಂಟು, ಲೆಕ್ಕಕ್ಕಿಲ್ಲ

ಬೆಂಗಳೂರಿಗೆ ಬಂದ ಹೊಸತು. ಶನಿವಾರ ಊರಿಗೆ ಹೋಗಿ ಸೋಮವಾರ ಬೆಳಗ್ಗೆ ವಾಪಸ್ ಬಂದವನು ರೂಮಿನಲ್ಲಿ ಬಿದ್ದುಕೊಂಡು ನಿದ್ದೆ ಹೊಡೀತಿದ್ದೆ. ರೂಂಮೇಟು ಕೋಲಾರದ ಕಡೆಯವನು. "ಏನಪ್ಪಾ, ಇಷ್ಟೊತ್ತಾದ್ರೂ ಎದ್ದಿಲ್ವಾ?" ಅಂದ. "ಮೊನ್ನೆ ರಾತ್ರಿಯಿಡೀ ಆಟ ನೋಡಿದೆ, ನಿನ್ನೆ ರಾತ್ರಿ ಬಸ್ಸು, ಕಣ್ಣೇ ಮುಚ್ಚಿಲ್ಲ ಮಾರಾಯ" ಅಂದೆ. "ಹೌದಾ? ಯಾವ ಮ್ಯಾಚು? ಯಾರು ಗೆದ್ರು?" "ಗದಾಯುದ್ಧ" ಅಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, "ಹಂಗಾದ್ರೆ ಭೀಮ ಗೆದ್ದ ಅನ್ನು" ಅಂದು ಸ್ನಾನಕ್ಕೆ ಹೋದ.

ನಮ್ಮ ಕಡೆ, ಅಂದರೆ ಸಾಗರ, ಹೊಸನಗರದಿಂದ ಘಟ್ಟ ಇಳಿದು ಕುಂದಾಪುರ, ಉಡುಪಿ, ಮಂಗಳೂರಿನವರೆಗೆ, 'ಆಟ' ಅಂದರೆ ಯಕ್ಷಗಾನ. 'ಇವತ್ತು ಶಾಲೆ ಬಯಲಲ್ಲಿ ಆಟ ಉಂಟು' ಅಂದರೆ ಯಾರೂ ಕ್ರಿಕೆಟ್ ಬ್ಯಾಟು ಹಿಡಿದುಕೊಂಡು ಬರುವುದಿಲ್ಲ, ಚಾಪೆ ಸುತ್ತಿಕೊಂಡು ಬರುತ್ತಾರೆ. ಹಾಗಂತ ಲಗೋರಿಯೂ ಆಟವೇ. ಗೋಲಿಯೂ ಆಟವೇ. ಎರಡರ ನಡುವೆ ಗೊಂದಲ ಆದದ್ದು ನನಗೆ ನೆನಪಿಲ್ಲ, ಕೋಲಾರದವನು ಸಿಗುವವರೆಗೆ.

ಈ ಹಳೇ ತಮಾಷೆ ಮತ್ತೆ ನೆನಪಾದದ್ದಕ್ಕೆ ಕಾರಣ ಒಂದು ಪುಸ್ತಕ. ಸಣ್ಣ ಪತ್ರಿಕೆಯೊಂದನ್ನು ನಡೆಸುವ ಗೆಳೆಯರೊಬ್ಬರು ಬರ್ನಾರ್ಡ್ ಸೂಟ್ಸ್ ಬರೆದ 'ದಿ ಗ್ರಾಸ್‌ಹಾಪರ್' ಪುಸ್ತಕದ ಬಗ್ಗೆ ಕನ್ನಡದಲ್ಲಿ ಬರೆದುಕೊಡಿ, ಸಾಧ್ಯವಾದರೆ ಒಂದು ಅಧ್ಯಾಯ ಅನುವಾದ ಮಾಡಿ ಅಂತ ಕೇಳಿದ್ದರು. ಒಪ್ಪಿಕೊಂಡೆ. ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡೆ. ಸಿಕ್ಕಿಸಿದ್ದು ಯಾವ ತತ್ವಶಾಸ್ತ್ರದ ಪದವೂ ಅಲ್ಲ, 'ಗೇಮ್' ಅನ್ನುವ ಪದ.

ಪುಸ್ತಕದ ವಿಚಾರ ಮೊದಲು ಹೇಳಿಬಿಡುತ್ತೇನೆ. ಸೂಟ್ಸ್ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದವನು. ಪುಸ್ತಕ ಬಂದದ್ದು 1978ರಲ್ಲಿ. ಈಸೋಪನ ಇರುವೆ ಮತ್ತು ಮಿಡತೆ ಕತೆ ನಮಗೆಲ್ಲ ಗೊತ್ತು. ಇರುವೆ ಬೇಸಿಗೆಯೆಲ್ಲ ದುಡಿದು ಕೂಡಿಡುತ್ತದೆ, ಮಿಡತೆ ಆಡಿಕೊಂಡಿದ್ದು ಚಳಿಗಾಲದಲ್ಲಿ ಉಪವಾಸ ಬೀಳುತ್ತದೆ. ನಮ್ಮ ಮೇಷ್ಟ್ರುಗಳು ಈ ಕತೆ ಹೇಳಿದ್ದು ಇರುವೆಯ ಪರವಾಗಿ. ಸೂಟ್ಸ್ ಮಿಡತೆಯ ಪರ. ಅವನ ಮಿಡತೆ ಸಾಕ್ರಟೀಸನ ಹಾಗೆ ಶಿಷ್ಯರನ್ನು ಸುತ್ತ ಕೂರಿಸಿಕೊಂಡು ಮಾತಾಡುತ್ತಲೇ ಸಾಯುತ್ತದೆ. ಮನುಷ್ಯನಿಗೆ ಬೇಕಾದ್ದೆಲ್ಲ ಸಿಕ್ಕಿಬಿಟ್ಟ ಮೇಲೆ ಮಾಡಲು ಉಳಿಯುವುದು ಆಟ ಒಂದೇ, ಹಾಗಾಗಿ ಬದುಕಿನ ಪರಮ ಆದರ್ಶ ಆಟವೇ, ಅನ್ನೋದು ಮಿಡತೆಯ ವಾದ. ಓದಲು ಬಹಳ ಮಜವಾದ ಪುಸ್ತಕ. ತತ್ವಶಾಸ್ತ್ರದ ಪುಸ್ತಕ ಓದುತ್ತಾ ನಾನು ಗಟ್ಟಿಯಾಗಿ ನಕ್ಕದ್ದು ಇದೊಂದರಲ್ಲೇ.

ಆದರೆ ಈ ವಾದ ನಿಲ್ಲಬೇಕಾದರೆ ಆಟ ಅಂದರೆ ಏನು ಅಂತ ಹೇಳಬೇಕಲ್ಲ? ಅಲ್ಲಿ ಸೂಟ್ಸ್ ದೊಡ್ಡವರೊಬ್ಬರ ಎದುರು ನಿಲ್ಲುತ್ತಾನೆ. ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ತೀರಿಹೋದ ಎರಡು ವರ್ಷಕ್ಕೆ, 1953ರಲ್ಲಿ, ಅವನ 'ಫಿಲಸಾಫಿಕಲ್ ಇನ್‌ವೆಸ್ಟಿಗೇಶನ್ಸ್' ಬಂತು. ಅದರ 66ನೇ ಖಂಡಿಕೆ ಈ ವಿಷಯದಲ್ಲಿ ಬಹಳ ಹೆಸರಾದದ್ದು. ಮಣೆಯ ಮೇಲೆ ಆಡುವ ಆಟ, ಇಸ್ಪೀಟು, ಚೆಂಡಿನ ಆಟ ಇವೆಲ್ಲವನ್ನೂ ಆಟ ಅಂತೀವಲ್ಲ, ಇವುಗಳಲ್ಲಿ ಸಮಾನವಾದ ಒಂದು ಗುಣ ಇರಲೇಬೇಕು ಅಂತ ಮೊದಲೇ ತೀರ್ಮಾನ ಮಾಡಬೇಡ, ಸುಮ್ಮನೆ ನೋಡು ಅಂತಾನೆ. ಕೆಲವದರಲ್ಲಿ ಗೆಲುವು ಸೋಲು ಇದೆ, ಮಗು ಗೋಡೆಗೆ ಚೆಂಡು ಎಸೆದು ಹಿಡಿಯುವಾಗ ಅದೂ ಇಲ್ಲ. ಒಂದೇ ಮನೆಯವರಲ್ಲಿ ಒಬ್ಬರ ಮೂಗು ಇನ್ನೊಬ್ಬರಿಗೆ, ಒಬ್ಬರ ನಡಿಗೆ ಮತ್ತೊಬ್ಬರಿಗೆ ಬಂದಿರುತ್ತಲ್ಲ, ಹಾಗೆ ಇವು ಒಂದಕ್ಕೊಂದು ಹೋಲುತ್ತವೆ ಅಷ್ಟೇ. ಎಲ್ಲರಿಗೂ ಇರುವ ಒಂದು ಮೂಗು ಇಲ್ಲ.

ಸೂಟ್ಸ್‌ಗೆ ಇದು ಪಿತ್ತ ನೆತ್ತಿಗೇರಿಸುತ್ತದೆ. ನೋಡು ಅಂತ ನಮಗೆ ಹೇಳಿದವನು ತಾನು ಸರಿಯಾಗಿ ನೋಡಲಿಲ್ಲ ಅನ್ನೋದು ಅವನ ಆಕ್ಷೇಪ. ನೋಡಿದರೆ ಸಮಾನ ಗುಣ ಕಾಣುತ್ತದೆ ಅಂತ ಹೇಳಿ ಕಾಣಿಸುತ್ತಾನೆ ಕೂಡ. ಅವನು ಕೊಡುವ ಉದಾಹರಣೆ ಗಾಲ್ಫು. ನಮಗ್ಯಾಕೆ ಗಾಲ್ಫು, ಲಗೋರಿಯನ್ನೇ ತಗೊಳ್ಳಿ. ಏಳು ಕಲ್ಲು ಒಂದರ ಮೇಲೊಂದು ಪೇರಿಸಬೇಕು. ಇದೇ ಗುರಿ ಆಗಿದ್ದರೆ ಕೂತು ಪೇರಿಸಿದರಾಯ್ತು, ಹತ್ತು ಸೆಕೆಂಡಿನ ಕೆಲಸ. ಆದರೆ ನಾವೇನು ಮಾಡ್ತೀವಿ? ಪೇರಿಸಿದ್ದನ್ನು ಚೆಂಡು ಹೊಡೆದು ಬೀಳಿಸ್ತೀವಿ. ಆಮೇಲೆ ಎದುರು ಪಾರ್ಟಿಯವರು ಬೆನ್ನಿಗೆ ಚೆಂಡು ಬೀಸುತ್ತಿರುವಾಗಲೇ ಮತ್ತೆ ಪೇರಿಸಬೇಕು ಅಂತ ನಾವೇ ನಿಯಮ ಮಾಡಿಕೊಳ್ತೀವಿ. ಸುಲಭದ ದಾರಿ ಇರುವಾಗ ಅದನ್ನು ಬೇಕಂತಲೇ ಬಿಟ್ಟು, ಕಷ್ಟದ ದಾರಿ ಹಿಡಿಯೋದು, ಯಾಕೆ ಅಂದರೆ ಆ ಕಷ್ಟ ಇದ್ದರೇನೇ ಆ ಚಟುವಟಿಕೆ ಇರೋದು. ಬೇಡದ ಅಡ್ಡಿಯನ್ನು ಇಷ್ಟಪಟ್ಟು ಮೈಮೇಲೆ ಎಳೆದುಕೊಂಡು ದಾಟುವ ಪ್ರಯತ್ನವೇ ಆಟ. ಇದು ಸೂಟ್ಸ್ ವ್ಯಾಖ್ಯಾನದ ತಿರುಳು.

ನಾನು ಇದನ್ನು ಓದಿ ಪುಸ್ತಕ ಮುಚ್ಚಿ ಒಂದರ್ಧ ಗಂಟೆ ಸುಮ್ಮನೆ ಕೂತಿದ್ದೆ. ಎಷ್ಟು ಚಂದ ಹೊಂದುತ್ತದೆ ನೋಡಿ. ಕುಂಟೆಬಿಲ್ಲೆಯಲ್ಲಿ ಎರಡು ಕಾಲಿರುವವರು ಒಂದು ಕಾಲಲ್ಲಿ ಹಾರೋದು ಯಾಕೆ? ಕಬಡ್ಡಿಯಲ್ಲಿ ಉಸಿರು ಕಟ್ಟೋದು ಯಾಕೆ? ಚದುರಂಗದಲ್ಲಿ ಎದುರಾಳಿಯ ರಾಜನನ್ನು ಕೈಯಿಂದ ಎತ್ತಿ ಜೇಬಿಗೆ ಹಾಕಿಕೊಳ್ಳದೆ ಇರೋದು ಯಾಕೆ? ಎಲ್ಲಕ್ಕೂ ಒಂದೇ ಉತ್ತರ. ವಿಟ್‌ಗೆನ್‌ಸ್ಟೈನ್ ಸೋತ ಅಂತಲೇ ಅನ್ನಿಸಿತು.

ಆಮೇಲೆ ಅನುವಾದಕ್ಕೆ ಕೂತೆ.

'ಗೇಮ್' ಅನ್ನೋದಕ್ಕೆ 'ಕ್ರೀಡೆ' ಅಂತ ಹಾಕಿದರೆ ಅದು ಪಿ.ಟಿ. ಮೇಷ್ಟ್ರ ಸೀಟಿ, ಕ್ರೀಡಾಕೂಟ, ಧ್ವಜವಂದನೆ. ಚೌಕಾಬಾರ ಆಡೋ ಅಜ್ಜಿ ಕ್ರೀಡಾಪಟು ಆಗೋದಿಲ್ಲ. 'ಪಂದ್ಯ' ಅಂದರೆ ಒಂದು ದಿನ ಒಂದು ಜಾಗದಲ್ಲಿ ನಡೆದು ಮುಗಿಯುವ ಮ್ಯಾಚು. ಉಳಿದದ್ದು 'ಆಟ'. ಹಾಕಿದೆ. ಹಾಕಿದ ಕೂಡಲೆ ವ್ಯಾಖ್ಯಾನ ಸೋರತೊಡಗಿತು. ಇಂಗ್ಲಿಷಿನಲ್ಲಿ ಬಿಗಿಯಾಗಿದ್ದ ವಾಕ್ಯ ಕನ್ನಡದಲ್ಲಿ ಸುಳ್ಳು ಹೇಳುತ್ತಿತ್ತು.

'ಆಟ' ಬಂದದ್ದು 'ಆಡು'ವಿನಿಂದ, ಓಡುವಿನಿಂದ ಓಟ, ನೋಡುವಿನಿಂದ ನೋಟ ಬಂದ ಹಾಗೆ. ಆಡು ಅಂದರೆ ಬರೀ ಗೇಮ್ ಆಡೋದಲ್ಲ. ಗಾಳಿ ಆಡುತ್ತದೆ, ಉಸಿರು ಆಡುತ್ತದೆ, ಮಾತು ಆಡುತ್ತೇವೆ, ಕೈಯಲ್ಲಿ ನಾಲ್ಕು ಕಾಸು ಆಡಬೇಕು ಅಂತೀವಿ. ಹೋಗಿ ಬಂದು, ಹೋಗಿ ಬಂದು ಅಲುಗುವ ಯಾವುದೋ ಚಲನೆ ಅದರಲ್ಲಿದೆ. ಬೇರೆ ಪದದ ಬಾಲಕ್ಕೆ ಅಂಟಿದಾಗ ನೋಡಿ: ಓಡಾಟ, ಒದ್ದಾಟ, ಪರದಾಟ, ನರಳಾಟ, ಹೋರಾಟ. ಪರದಾಟದಲ್ಲಿ ಇಷ್ಟಪಟ್ಟು ಎಳೆದುಕೊಂಡ ಅಡ್ಡಿ ಯಾವುದಿದೆ? ರೇಷನ್ ಅಂಗಡಿ ಮುಂದೆ ಪರದಾಡಿದವರನ್ನು ಕೇಳಿ. ಹಳೇ ಟಾಕೀಸಿನ ಪೋಸ್ಟರಿನಲ್ಲಿ 'ದಿನಾ 4 ಆಟಗಳು' ಅಂತ ಇರುತ್ತಿತ್ತು, ಅಲ್ಲಿ ಆಡೋದು ಪರದೆ ಮೇಲಿನ ಬೆಳಕು. ಬಡಗಣದಲ್ಲಿ, ಅಂದರೆ ಉತ್ತರ ಕರ್ನಾಟಕದಲ್ಲಿ, ದೊಡ್ಡಾಟ, ಸಣ್ಣಾಟ ಅಂತ ರಂಗಪ್ರಕಾರಗಳೇ ಇವೆ. ಗೊಂಬೆಯಾಟ ಇದೆ.

ಇದೆಲ್ಲ ಬರೀ ಪದದ ಕಾಕತಾಳೀಯ, ಬೇರೆ ಬೇರೆ ಅರ್ಥಗಳು ಒಂದೇ ಶಬ್ದಕ್ಕೆ ಬಂದು ಕೂತಿವೆ, ವ್ಯಾಖ್ಯಾನಕ್ಕೆ ಇದರಿಂದೇನು ಅಂತ ನೀವು ಕೇಳಬಹುದು. ಸೂಟ್ಸ್ ಇದ್ದಿದ್ದರೂ ಅದನ್ನೇ ಕೇಳುತ್ತಿದ್ದ. ನ್ಯಾಯವಾದ ಪ್ರಶ್ನೆ. ಅದಕ್ಕೆ ನನ್ನ ಬಳಿ ಇರೋ ಒಳ್ಳೆಯ ಉತ್ತರ ನಮ್ಮೂರಿನದು. ನಮ್ಮಲ್ಲಿ 'ಆಟ–ಕೂಟ' ಅಂತ ಜೋಡಿ ಮಾತೊಂದಿದೆ. ಆಟ ಅಂದರೆ ವೇಷ ಕಟ್ಟಿ ಕುಣಿಯುವ ಯಕ್ಷಗಾನ. ಕೂಟ ಅಂದರೆ ತಾಳಮದ್ದಲೆ. ಅದೇ ಪ್ರಸಂಗ, ಅದೇ ಭಾಗವತರು, ಅದೇ ಪದ್ಯ, ಕೆಲವೊಮ್ಮೆ ಅದೇ ಕಲಾವಿದರು. ಆದರೆ ಪಂಚೆ ಶಾಲು ಹೊದ್ದು ಕೂತು ಅರ್ಥ ಹೇಳಿದರೆ ಅದು ಕೂಟ, ಎದ್ದು ಕುಣಿದರೆ ಆಟ. ಕತೆ ಒಂದೇ ಆದರೂ ಹೆಸರು ಬೇರೆ. ಅಂದರೆ ಈ ಪದವನ್ನು ಬಳಸುವವರು ಕಣ್ಣು ಮುಚ್ಚಿ ಬಳಸುತ್ತಿಲ್ಲ. ಗೆರೆ ಎಳೆಯುತ್ತಾರೆ, ಆದರೆ ಸೂಟ್ಸ್ ಎಳೆದ ಕಡೆ ಅಲ್ಲ.

ಇನ್ನು ಜೋಡಾಟ. ಎರಡು ಮೇಳಗಳು ಅಕ್ಕಪಕ್ಕ ರಂಗಸ್ಥಳ ಹಾಕಿ ಒಂದೇ ಪ್ರಸಂಗ ಒಂದೇ ಹೊತ್ತಿಗೆ ಆಡುತ್ತವೆ. ಆ ಕಡೆ ಒಬ್ಬ ಅರ್ಜುನ, ಈ ಕಡೆ ಒಬ್ಬ ಅರ್ಜುನ. ಜನ ಅತ್ತಿಂದಿತ್ತ ಓಡುತ್ತಾರೆ. ಬೆಳಗಾದ ಮೇಲೆ ಹೋಟೆಲಿನಲ್ಲಿ ಯಾವ ಮೇಳ ಗೆದ್ದಿತು ಅಂತ ಜಗಳ. ರೂಂಮೇಟು ಕೇಳಿದ 'ಯಾರು ಗೆದ್ರು' ಅಲ್ಲಿ ಪೂರ್ತಿ ಸರಿಯಾದ ಪ್ರಶ್ನೆ. ಅದೇ ಹರಕೆ ಆಟ ಆದರೆ ಗೆಲ್ಲುವವರು ಯಾರೂ ಇಲ್ಲ. ಮಗುವಿಗೆ ಹುಷಾರಾದರೆ ಒಂದು ಆಟ ಆಡಿಸ್ತೀನಿ ಅಂತ ಹೇಳಿಕೊಂಡಿರುತ್ತಾರೆ. ನಡುರಾತ್ರಿ ಕಳೆದ ಮೇಲೆ ಚಾಪೆಯ ಮೇಲೆ ಮೂರು ಮತ್ತೊಬ್ಬರು. ಆದರೂ ಚೆಂಡೆ ನಿಲ್ಲುವುದಿಲ್ಲ. (ಈಗ ಕಾಲಮಿತಿ ಬಂದು ಹನ್ನೆರಡು ಒಂದಕ್ಕೆ ಮುಗಿಸುವುದೂ ಇದೆ, ಅದು ಬೇರೆ ವಿಷಯ.)

ಇಂಗ್ಲಿಷಿನವರಿಗೆ ಈ ತಾಪತ್ರಯ ಕಡಿಮೆ. ಗೇಮ್, ಪ್ಲೇ, ಶೋ, ಸ್ಪೋರ್ಟ್ ಅಂತ ಭಾಷೆಯೇ ಮೊದಲು ಕತ್ತರಿಸಿ ಇಟ್ಟುಬಿಟ್ಟಿದೆ. ಸೂಟ್ಸ್ ಕತ್ತರಿಸಿದ ತುಂಡೊಂದನ್ನು ಎತ್ತಿಕೊಂಡು, ನೋಡಿ ಎಷ್ಟು ನೇರವಾದ ಅಂಚು ಇದೆ ಇದಕ್ಕೆ ಅಂತಾನೆ! ವಿಟ್‌ಗೆನ್‌ಸ್ಟೈನ್ ಬರೆದದ್ದು ಜರ್ಮನ್‌ನಲ್ಲಿ. ಅಲ್ಲಿ ಅವನು ಬಳಸುವ 'ಷ್ಪೀಲ್' ನಮ್ಮ ಆಟದ ಅಣ್ಣತಮ್ಮ. ನಾಟಕ 'ಷೌಷ್ಪೀಲ್', ಪಿಯಾನೋ ನುಡಿಸುವುದಕ್ಕೂ ಅದೇ ಕ್ರಿಯಾಪದ. ಅವನ ಪಟ್ಟಿಯಲ್ಲಿರುವ ಮಣೆಯಾಟ, ಎಲೆಯಾಟ, ಚೆಂಡಾಟ ಎಲ್ಲದರ ಬಾಲದಲ್ಲೂ ಕನ್ನಡದಲ್ಲಿ ಇದ್ದ ಹಾಗೇ ಷ್ಪೀಲ್ ಇದೆ. ಪಟ್ಟಿಯ ಕೊನೆಯ ಪದ 'ಕಾಂಪ್ಫ್‌ಷ್ಪೀಲೆ', ಸೆಣಸಾಟಗಳು ಅನ್ನಬಹುದು. ಅದನ್ನು ಅನುವಾದಕಿ ಆನ್‌ಸ್ಕೋಂಬ್ ಒಲಿಂಪಿಕ್ ಗೇಮ್ಸ್ ಅಂತ ಮಾಡಿದಳು. 2009ರ ಹೊಸ ಅನುವಾದದಲ್ಲಿ ಅದು ಬದಲಾಯಿತು. ನನ್ನ ತಾಪತ್ರಯ ಆಕೆಗೂ ಆಗಿತ್ತಲ್ಲ ಅಂತ ಸ್ವಲ್ಪ ಸಮಾಧಾನ. ಆದರೆ ಇದನ್ನೂ ಹೇಳಬೇಕು: ಆ ಪಟ್ಟಿಯಲ್ಲಿ ನಾಟಕ ಇಲ್ಲ. ವಿಟ್‌ಗೆನ್‌ಸ್ಟೈನ್ ಕೂಡ ಷ್ಪೀಲನ್ನು ಇಡಿಯಾಗಿ ಎತ್ತಿಕೊಂಡವನಲ್ಲ. ಅವನಿಗೂ ತುಂಡೇ ಬೇಕಾಗಿತ್ತು, ಸ್ವಲ್ಪ ದೊಡ್ಡ ತುಂಡು.

ಸರಿ, ಯಕ್ಷಗಾನ ಬಿಡಿ. ಲಗೋರಿಗೇ ಬರೋಣ. ಸೂಟ್ಸ್‌ನ ಸ್ವಂತ ಅಂಗಳ ಅದು. ಅಲ್ಲಿ ಅವನ ವ್ಯಾಖ್ಯಾನ ಸೋಲುತ್ತದಾ?

ನಾನು ನಮ್ಮ ಕೇರಿಯ ಮಕ್ಕಳಲ್ಲಿ ಎಲ್ಲರಿಗಿಂತ ಚಿಕ್ಕವನು. ದೊಡ್ಡವರು ಲಗೋರಿಗೆ ಇಳಿದರೆ ನಾನೂ ಬರ್ತೀನಿ ಅಂತ ಅಳೋದು. ಅಮ್ಮ ಒಳಗಿಂದಲೇ "ಅವನನ್ನೂ ಸೇರಿಸ್ಕೊಳ್ರೋ" ಅಂತ ಕೂಗೋದು. ಆಗ ಅಕ್ಕ ತೀರ್ಪು ಕೊಡುತ್ತಿದ್ದಳು: "ಆಯ್ತು ಬಾ, ನೀನು ಆಟಕ್ಕುಂಟು, ಲೆಕ್ಕಕ್ಕಿಲ್ಲ." ನಾನು ಓಡುತ್ತಿದ್ದೆ, ಕಲ್ಲು ಪೇರಿಸುತ್ತಿದ್ದೆ, ಚೆಂಡು ಬೆನ್ನಿಗೆ ಬಡಿದರೆ ಔಟಾದೆ ಅಂತ ನಾನೇ ಹೇಳಿ ಪಕ್ಕಕ್ಕೆ ನಿಲ್ಲುತ್ತಿದ್ದೆ. ಯಾರೂ ಅದನ್ನು ಎಣಿಸುತ್ತಿರಲಿಲ್ಲ. ಚೆಂಡು ಹೊಡೆಯುವಾಗಲೂ ಮೆಲ್ಲಗೆ ಹೊಡೆಯುತ್ತಿದ್ದರು. ಲೆಕ್ಕಕ್ಕಿಲ್ಲ ಅನ್ನೋದು ನನಗೆ ಗೊತ್ತಾದದ್ದು ಎಷ್ಟೋ ದಿನಗಳಾದ ಮೇಲೆ. ಗೊತ್ತಾದ ದಿನ ಅತ್ತಿದ್ದೂ ನೆನಪಿದೆ.

ಈ ಮಗು ಆಡುತ್ತಿದೆಯೋ ಇಲ್ಲವೋ? ಸೂಟ್ಸ್ ಆಟ ಕೆಡಿಸುವ ಮೂರು ಜಾತಿಯವರನ್ನು ಗುರುತಿಸುತ್ತಾನೆ. ಒಬ್ಬ ನಿಯಮ ಪಾಲಿಸುತ್ತಾನೆ, ಆದರೆ ಗೆಲ್ಲುವ ಉದ್ದೇಶವೇ ಇಲ್ಲದೆ ಕಾಯಿ ನಡೆಸುತ್ತಾನೆ. ಇನ್ನೊಬ್ಬ ಗೆಲ್ಲಬೇಕು ಅನ್ನುವವನು, ಆದರೆ ನಿಯಮ ಮುರಿಯುತ್ತಾನೆ, ಮೋಸದಾಟದವನು. (ತೊಡೆಗೆ ಹೊಡೆದ ನಮ್ಮ ಭೀಮ ಇಲ್ಲಿ ಬರುತ್ತಾನೆ. ರೂಂಮೇಟಿಗೆ ಇದನ್ನು ಹೇಳಲಿಲ್ಲ.) ಮೂರನೆಯವನಿಗೆ ಎರಡೂ ಬೇಡ, ಮಣೆಯನ್ನೇ ಕೆಡವಿ ಹೋಗುತ್ತಾನೆ. ಆಟಕ್ಕುಂಟು ಲೆಕ್ಕಕ್ಕಿಲ್ಲದ ಮಗು ಈ ಮೂವರಲ್ಲಿ ಯಾರೂ ಅಲ್ಲ. ಅದಕ್ಕೆ ಗುರಿ ಇದೆ, ನಿಯಮಕ್ಕೆ ಮರ್ಯಾದೆ ಇದೆ, ಅಡ್ಡಿಯನ್ನು ಇಷ್ಟಪಟ್ಟೇ ಎಳೆದುಕೊಂಡಿದೆ. ವ್ಯಾಖ್ಯಾನದ ಪ್ರಕಾರ ನೂರಕ್ಕೆ ನೂರು ಆಟಗಾರ. ಆದರೆ ಅದು ಔಟಾದರೂ ಔಟಲ್ಲ, ಅದು ಪೇರಿಸಿದ ಕಲ್ಲು ಕಲ್ಲಲ್ಲ. ನಿಯಮ ಅದನ್ನು ಮುಟ್ಟುವುದೇ ಇಲ್ಲ. ನಿಯಮ ಮುಟ್ಟದವನು ಆಟಗಾರ ಹೇಗಾದಾನು? ಸೂಟ್ಸ್ ಆಟವನ್ನು ಆಡುವವನ ಮನೋಭಾವದಲ್ಲಿ ಹುಡುಕುತ್ತಾನೆ, ಒಬ್ಬೊಬ್ಬನನ್ನಾಗಿ ಹಿಡಿದು ಕೇಳುತ್ತಾನೆ. ಇಲ್ಲಿ ಆಟದ ಒಳಗೆ ಯಾರು ಅನ್ನೋದನ್ನು ತೀರ್ಮಾನ ಮಾಡಿದ್ದು ನಾನಲ್ಲ, ಅಕ್ಕ. ಮತ್ತು ಅವಳು ಮಾಡಿದ್ದು ಎರಡು ತೀರ್ಮಾನ. ಆಟ ಬೇರೆ, ಲೆಕ್ಕ ಬೇರೆ.

ಸೂಟ್ಸ್ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯ. ಮಕ್ಕಳ ಕಳ್ಳ ಪೊಲೀಸ್ ಥರದ ವೇಷದಾಟಗಳ ಬಗ್ಗೆ ಅವನು ಹಲವು ಅಧ್ಯಾಯ ಬರೆದಿದ್ದಾನೆ. ಗೆಲ್ಲುವುದಲ್ಲ, ಆಟ ನಿಲ್ಲದಂತೆ ಮುಂದುವರಿಸುವುದೇ ಗುರಿಯಾಗಿರುವ ಆಟಗಳೂ ಇವೆ, ಅವನ್ನು ತೆರೆದ ಆಟಗಳು ಅನ್ನೋಣ ಅಂತಾನೆ. ಒಳ್ಳೇ ಅಧ್ಯಾಯಗಳು. ಆದರೆ ಅಲ್ಲೂ ಒಂದು ಗುರಿ ಹುಡುಕಿ ಕೊಟ್ಟ ಮೇಲೇ ಅವನಿಗೆ ನೆಮ್ಮದಿ. ಲೆಕ್ಕ ಸಿಗದೆ ಆಟ ಅಂತ ಒಪ್ಪಲಾರ.

ಇಷ್ಟು ಹೊತ್ತಿಗೆ ಈ ಲೇಖನ ಮುಗಿಸಿ ಗೆಳೆಯರಿಗೆ ಕಳಿಸಬಹುದಿತ್ತು. ಕಳಿಸಲಿಲ್ಲ, ಯಾಕಂದರೆ ಆ ದಿನಗಳಲ್ಲೇ ಭಾವನ ವಿಷಯ ಮನೆಗೆ ಗೊತ್ತಾಯಿತು.

ಭಾವ ಅಂದರೆ ಅದೇ ಅಕ್ಕನ ಗಂಡ. ಮೊಬೈಲಿನಲ್ಲಿ ರಮ್ಮಿ ಆಡುತ್ತಿದ್ದರು. ಮೊದಲು ಹತ್ತು ಇಪ್ಪತ್ತು ರೂಪಾಯಿ, ಆಮೇಲೆ ಅಡಿಕೆ ಮಾರಿದ ದುಡ್ಡು, ಆಮೇಲೆ ಸೊಸೈಟಿ ಸಾಲ. ಮೊತ್ತ ಎಷ್ಟು ಅಂತ ಇಲ್ಲಿ ಬರೆಯೋದಿಲ್ಲ, ಅಕ್ಕ ಇದನ್ನು ಓದುತ್ತಾಳೆ. ಗೊತ್ತಾದ ಮೇಲೆ ಎಲ್ಲರೂ ಸೇರಿದ್ದ ದಿನ ಭಾವ ತಲೆ ತಗ್ಗಿಸಿಕೊಂಡೇ, "ಅದು ಜೂಜಲ್ಲ ಮಾರಾಯ, ಆಟ. ತಲೆ ಓಡಿಸ್ಬೇಕು ಅದಕ್ಕೆ. ಕೋರ್ಟೇ ಹೇಳಿದೆಯಲ್ಲ" ಅಂದರು. ನನಗೆ ಥಟ್ಟನೆ ಸೂಟ್ಸ್ ನೆನಪಾದ. ಸೂಟ್ಸ್ ಪ್ರಕಾರ ಭಾವ ಹೇಳಿದ್ದು ನಿಜ. ಹದಿಮೂರು ಎಲೆ ಜೋಡಿಸುವುದು ಗುರಿ, ಕಟ್ಟಿನಿಂದ ಬೇಕಾದ್ದನ್ನು ಹೆಕ್ಕಿಕೊಳ್ಳದೆ ಒಂದೊಂದಾಗಿ ಎತ್ತಿ ಒಂದೊಂದಾಗಿ ಬಿಡಬೇಕು ಅನ್ನೋದು ಅಡ್ಡಿ, ಇಷ್ಟಪಟ್ಟು ಒಪ್ಪಿಕೊಂಡದ್ದು. ಎಲ್ಲ ಇದೆ. ಸೋತ ದುಡ್ಡು ಯಾವ ಸಾಲದಿಂದ ಬಂತು ಅನ್ನೋದು ವ್ಯಾಖ್ಯಾನದ ಒಳಗೆ ಬರುವುದೇ ಇಲ್ಲ.

ಅಕ್ಕ ಅಷ್ಟೂ ಹೊತ್ತು ಮಾತಾಡದೆ ಇದ್ದವಳು, "ಆಟ ಆದ್ರೆ ಬಿಟ್ಟು ಏಳೋಕೆ ಬರಬೇಕಲ್ವಾ?" ಅಂದಳು.

ಇದೂ ಒಂದು ವ್ಯಾಖ್ಯಾನವೇ. ವಾರಗಟ್ಟಲೆ ಇದನ್ನು ತಲೆಯಲ್ಲಿಟ್ಟುಕೊಂಡು ತಿರುಗಿದೆ. ಮಕ್ಕಳು ಆಡುವಾಗ ಚಪ್ಪಲಿ ಕಿತ್ತುಹೋದರೆ, ಮೂತ್ರ ಬಂದರೆ 'ಟೈಂಪ್ಲೀಸ್' ಅಂತಾರೆ, ಇಡೀ ಜಗತ್ತು ನಿಲ್ಲುತ್ತದೆ. ಆ ಬಾಗಿಲು ಇದ್ದರೆ ಆಟ. ಚೆನ್ನಾಗಿದೆ. ಆದರೆ ಇದಕ್ಕೂ ತೂತಿದೆ. ಅಮ್ಮ ಊಟಕ್ಕೆ ಹತ್ತು ಸಲ ಕರೆದರೂ ಗೋಲಿ ಬಿಟ್ಟು ಎದ್ದವರು ಯಾರಾದರೂ ಇದ್ದಾರಾ? ಮೈಮರೆತು ಆಡಿದರೆ ಅದು ಆಟ ಅಲ್ಲವಾ? ಅಕ್ಕನ ಮಾತನ್ನು ವ್ಯಾಖ್ಯಾನ ಮಾಡಲು ಹೋದರೆ ನಿಲ್ಲುವುದಿಲ್ಲ. ಆ ದಿನ ಆ ಜಗಲಿಯಲ್ಲಿ ಮಾತ್ರ ಅದಕ್ಕೆ ಎದುರು ಹೇಳಲು ಯಾರ ಹತ್ತಿರವೂ ಏನೂ ಇರಲಿಲ್ಲ.

ಭಾವ ಹೇಳಿದ ಕೋರ್ಟಿನ ಮಾತೂ ಸುಳ್ಳಲ್ಲ. 1968ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರಮ್ಮಿ ಮೂರೆಲೆ ಆಟದ ಹಾಗೆ ಬರೀ ಅದೃಷ್ಟದ್ದಲ್ಲ, ಯಾವ ಎಲೆ ಬಿತ್ತು ಅಂತ ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಅನ್ನೋ ಚಾತುರ್ಯ ಮುಖ್ಯ ಅಂದಿತ್ತು. ಕ್ಲಬ್ಬು ಅದರಿಂದ ಲಾಭ ಹೊಡೆಯುತ್ತಿದ್ದರೆ ಮಾತು ಬೇರೆ ಅಂತಲೂ ಅದೇ ತೀರ್ಪಿನಲ್ಲಿದೆ, ಆ ಅರ್ಧವನ್ನು ಆಡುವವರು ಯಾರೂ ನೆನಪಿಡುವುದಿಲ್ಲ. ಅಲ್ಲಿಂದ ಮುಂದೆ ಐವತ್ತು ವರ್ಷ ನಮ್ಮ ಕಾನೂನು ಕೇಳಿದ್ದು ಹೆಚ್ಚಾಗಿ ಒಂದೇ ಪ್ರಶ್ನೆ: ಚಾತುರ್ಯವೋ, ಅದೃಷ್ಟವೋ? ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ಆಡುವುದನ್ನು ನಿಷೇಧಿಸಿತು. ಹೈಕೋರ್ಟು 2022ರ ಫೆಬ್ರವರಿ 14ರಂದು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾನೂನು ಆ ಹಳೇ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟಿತು. ಚಾತುರ್ಯವಿರಲಿ, ಅದೃಷ್ಟವಿರಲಿ, ಎರಡೂ ಇರಲಿ, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಸೆಯಿಂದ ಆಡುವುದು 'ಮನಿ ಗೇಮ್', ಅದು ನಿಷಿದ್ಧ ಅಂದಿತು. ಈ ಕಾನೂನು ಸರಿಯೋ ತಪ್ಪೋ ಅನ್ನೋದು ವಕೀಲರಿಗೆ ಬಿಟ್ಟದ್ದು. ನನಗೆ ಕುತೂಹಲ ಇರೋದು ನೋಟ ಎಲ್ಲಿಂದ ಎಲ್ಲಿಗೆ ಸರಿಯಿತು ಅನ್ನೋದರಲ್ಲಿ. ಐವತ್ತು ವರ್ಷ ಎಲೆಗಳನ್ನು ನೋಡುತ್ತಿದ್ದ ಕಾನೂನು ಈಗ ಲೆಕ್ಕದ ಪುಸ್ತಕ ನೋಡುತ್ತಿದೆ.

ಅಂಥ ಆಪ್‌ಗಳ ಜಾಹೀರಾತುಗಳು ನೆನಪಿವೆಯಾ? ನಗುನಗುತ್ತಾ ಬಂದ ನಟ ಹೋದ ಮೇಲೆ, ಉಸಿರು ಬಿಡದೆ ಒಬ್ಬ ಎಚ್ಚರಿಕೆಯ ಮಾತು ಓದುತ್ತಿದ್ದ. ಚಟ ಹತ್ತಬಹುದು, ಜವಾಬ್ದಾರಿಯಿಂದ ಆಡಿ ಅಂತ ಅದರ ಸಾರ. 'ಜವಾಬ್ದಾರಿಯಿಂದ ಆಡಿ' ಅನ್ನೋದು ಕನ್ನಡದಲ್ಲಿ ಎಂಥ ವಿಚಿತ್ರ ಮಾತು ಅನ್ನೋದನ್ನು ಬರೆದವರು ಯೋಚಿಸಿದ್ದಾರೋ ಇಲ್ಲವೋ. ನಮ್ಮಲ್ಲಿ ಜವಾಬ್ದಾರಿ ಇಲ್ಲದ್ದಕ್ಕೇ ಹುಡುಗಾಟ ಅನ್ನೋದು. ಆಟಕ್ಕೆ ಜವಾಬ್ದಾರಿ ಬೇಕಾಯಿತು ಅಂದರೆ ಅಲ್ಲಿ ಇರೋದು ಬೇರೇನೋ.

ಇಷ್ಟು ಹೇಳಿ, ನೋಡಿ, ಕನ್ನಡಕ್ಕೆ ಮೊದಲೇ ಎಲ್ಲ ತಿಳಿದಿತ್ತು ಅಂತ ಬೆನ್ನು ತಟ್ಟಿಕೊಂಡು ಮುಗಿಸಬೇಕು ಅಂತಿದ್ದೆ. ಕನ್ನಡ ಬಿಡಲಿಲ್ಲ. ನಾವು ಅಷ್ಟು ಮರ್ಯಾದೆಯಿಂದ 'ಕ್ರಿಕೆಟ್ ಪಂದ್ಯ', ಕರಾವಳಿಯಲ್ಲಿ 'ಕಬಡ್ಡಿ ಪಂದ್ಯಾಟ' ಅಂತೀವಲ್ಲ, ಆ ಪಂದ್ಯ ಅಂದರೆ ಬಾಜಿ, ಪಣ. 'ಪಂದ್ಯ ಕಟ್ಟು' ಅಂದರೆ ಇಂದಿಗೂ ಬೆಟ್ ಕಟ್ಟೋದೇ. ಸರ್ಕಾರಿ ಶಾಲೆಯ ಕ್ರೀಡಾ ಪಂದ್ಯಾವಳಿಯ ಹೊಟ್ಟೆಯೊಳಗೇ ಜೂಜು ಕೂತಿದೆ. ಜೂಜಿಗಾದರೋ ನಾವು ಜೂಜಾಟ ಅಂತ ಆಟದ ಬಾಲ ಅಂಟಿಸಿಯೇ ಕರೆಯೋದು. ಅಂದರೆ ಭಾವ "ಅದು ಆಟ" ಅಂದಾಗ ಪದವನ್ನು ತಪ್ಪಾಗಿ ಬಳಸಲಿಲ್ಲ. ಪದದ ನೆರಳಲ್ಲಿ ನಿಂತುಕೊಂಡರು ಅಷ್ಟೇ.

ಧರ್ಮರಾಯ ನಿಂತದ್ದೂ ಅಲ್ಲೇ. ದ್ಯೂತದ ಸಭೆಯಲ್ಲಿ ದ್ರೌಪದಿ ಕೇಳುವ ಪ್ರಶ್ನೆ ನೋಡಿ: ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ? ತಾನೇ ದಾಸನಾದವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ಇದು ನಿಯಮದ ಪ್ರಶ್ನೆ. ಆ ನಡೆ ಸಲ್ಲುತ್ತದೋ ಇಲ್ಲವೋ ಅನ್ನುವ ಅಪ್ಪಟ ಸೂಟ್ಸ್ ಪ್ರಶ್ನೆ. ಭೀಷ್ಮನಂಥ ಭೀಷ್ಮ ತಡವರಿಸುತ್ತಾನೆ. ಆದರೆ ಆ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಅವಳನ್ನು ಸಭೆಗೆ ಎಳೆದು ತಂದಾಗಿತ್ತು. ನಡೆ ಸಲ್ಲುತ್ತಿತ್ತು ಅಂತ ಯಾರಾದರೂ ಸಾಧಿಸಿ ತೋರಿಸಿದ್ದರೆ ಸಭೆಯಲ್ಲಿ ನಡೆದದ್ದು ಸರಿಯಾಗುತ್ತಿತ್ತಾ? ಇದೇ ಪ್ರಸಂಗವನ್ನು ನಾನು ಆಟದಲ್ಲಿ ಎಷ್ಟು ಸಲ ನೋಡಿದ್ದೇನೋ. ಬೆಳಗಿನ ಜಾವ ಸೋತ ಧರ್ಮರಾಯ ಚೌಕಿಗೆ ಹೋಗಿ, ಬಣ್ಣ ತೆಗೆದು, ಶಕುನಿಯ ಜೊತೆ ಒಂದೇ ಬೆಂಚಿನ ಮೇಲೆ ಕೂತು ಚಾ ಕುಡಿಯುತ್ತಿದ್ದ.

ವಿಟ್‌ಗೆನ್‌ಸ್ಟೈನ್ ಪುಸ್ತಕದಲ್ಲಿ 70ನೇ ಖಂಡಿಕೆಯ ಹತ್ತಿರ ಒಂದು ಪುಟ್ಟ ಟಿಪ್ಪಣಿ ಇದೆ. ಯಾರೋ ಒಬ್ಬರು ಬಂದು ಮಕ್ಕಳಿಗೆ ಒಂದು ಆಟ ಹೇಳಿಕೊಡು ಅಂತಾರೆ. ಇವನು ದಾಳ ಹಾಕಿ ಜೂಜಾಡೋದನ್ನು ಹೇಳಿಕೊಡ್ತಾನೆ. ಅಯ್ಯೋ, ನಾನು ಹೇಳಿದ್ದು ಅಂಥ ಆಟ ಅಲ್ಲ ಅಂತಾರೆ ಅವರು. ಹಾಗಾದರೆ ಆ ಮಾತು ಹೇಳುವಾಗ ಜೂಜು ಬೇಡ ಅನ್ನೋದು ಅವರ ಮನಸ್ಸಿನಲ್ಲಿ ಮೊದಲೇ ಬಂದಿರಬೇಕಿತ್ತಾ ಅಂತ ಕೇಳಿ ಅಲ್ಲಿಗೇ ಬಿಡುತ್ತಾನೆ. ಮೊದಲ ಸಲ ಓದಿದಾಗ ಇದು ಭಾಷೆಯ ಬಗ್ಗೆ ಒಂದು ಜಾಣ ಉದಾಹರಣೆ ಅನ್ನಿಸಿತ್ತು. ಈಗ ಓದಿದರೆ ಅವನ ಸ್ವರದಲ್ಲೇ ಅಕ್ಕ ಕೇಳಿಸುತ್ತಾಳೆ. ಅವಳೂ ಅಂಥ ಆಟ ಅಂತ ಅಂದುಕೊಂಡಿರಲಿಲ್ಲ, ಮತ್ತು ಅದನ್ನು ಮೊದಲೇ ಹೇಳಿಡಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ.

ಹಾಗಂತ ಸೂಟ್ಸ್ ಪುಸ್ತಕವನ್ನು ಕೈಬಿಡಲಾರೆ. ಲಗೋರಿ ಯಾಕೆ ಚಂದ ಅನ್ನೋದನ್ನು ಅವನಷ್ಟು ಚೆನ್ನಾಗಿ ನನಗೆ ಯಾರೂ ಹೇಳಿಲ್ಲ. ಅವನ ತಪ್ಪು ವ್ಯಾಖ್ಯಾನ ಮಾಡಿದ್ದಲ್ಲ. ಆಟ ಶುರುವಾದ ಮೇಲೆ ಒಳಗೆ ಏನು ನಡೆಯುತ್ತದೆ ಅನ್ನೋದನ್ನು ಹೇಳಿ, ಆಟ ಅಂದರೆ ಅಷ್ಟೇ ಅಂದುಕೊಂಡದ್ದು ತಪ್ಪು. ಗೆರೆಯ ಆಚೆ ಯಾರು ನಿಂತಿದ್ದಾರೆ, ಯಾರನ್ನು ಒಳಗೆ ಕರೆದರು, ಒಳಗಿನ ಸೋಲು ಹೊರಗೆ ಎಷ್ಟು ದೂರ ಹರಿಯುತ್ತದೆ ಇವೆಲ್ಲ ಅವನ ಮಿಡತೆಗೆ ಬೇಡ. ಮಿಡತೆಗೆ ಮನೆ ಇಲ್ಲವಲ್ಲ, ಅಕ್ಕನೂ ಇಲ್ಲ.

ಅನುವಾದದಲ್ಲಿ ಕೊನೆಗೆ 'ಗೇಮ್' ಅಂತಲೇ ಕನ್ನಡ ಲಿಪಿಯಲ್ಲಿ ಉಳಿಸಿದೆ. ಗೆಳೆಯರಿಗೆ ಅಸಮಾಧಾನ. ಕನ್ನಡದಲ್ಲಿ ಆಟ ಅನ್ನೋ ಪದ ಇರುವಾಗ ಯಾಕೆ ಸ್ವಾಮೀ ಅಂತ ಕೇಳಿದರು. ಇದೆ, ಅದಕ್ಕೇ ಅಂದೆ.

ಹೋದ ತಿಂಗಳು ಭಾವ ಫೋನ್ ಮಾಡಿದ್ದರು. ಆ ಗಲಾಟೆ ಆದ ಮೇಲೆ ಅವರಾಗಿ ಫೋನ್ ಮಾಡಿದ್ದು ಅದೇ ಮೊದಲು. ಅಡಿಕೆ ರೇಟು, ಮಳೆ, ಅಮ್ಮನ ಮಂಡಿ ನೋವು ಎಲ್ಲ ಆದ ಮೇಲೆ ಸ್ವಲ್ಪ ತಡೆದು, "ಇಪ್ಪತ್ತನೇ ತಾರೀಕು ಆಟ ಇಟ್ಕೊಂಡಿದೀವಿ" ಅಂದರು. ನನ್ನ ಎದೆ ಧಸಕ್ಕೆಂದಿತು. ಎರಡು ಸೆಕೆಂಡು ಬೇಕಾಯಿತು ನನಗೆ. ಆಮೇಲೆ ಗೊತ್ತಾಯಿತು, ಅಕ್ಕ ಹೇಳಿಕೊಂಡಿದ್ದ ಹರಕೆ.

"ಬರ್ತೀನಿ ಭಾವ" ಅಂದೆ. "ಯಾವ ಪ್ರಸಂಗ?"

"ಅದು ಮೇಳದವರು ಹೇಳ್ಬೇಕು. ನೀನು ಚಾಪೆ ತರೋದು ಬೇಡ, ಇಲ್ಲೇ ಉಂಟು" ಅಂದರು.